ಎರಡು ಹಗ್ಗಗಳ ನಡುವಿನ ಬಯಲು

ನನ್ನ ತವರೂರಿಗೂ ಗಂಡನ ಊರಿಗೂ ನಡುವೆ ಒಂದು ಬಯಲಿದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ಹೆದ್ದಾರಿ ಬಿಟ್ಟು ಸ್ವಲ್ಪ ಒಳಕ್ಕೆ ಬಂದರೆ ಸಿಗುತ್ತದೆ. ನಾನು ಮದುವೆಯಾಗಿ ಬಂದಾಗ ಅಲ್ಲಿ ಎರಡೂ ಊರಿನ ದನಗಳು ಮೇಯುತ್ತಿದ್ದವು. ಅದು ಯಾರದು ಎಂದು ಯಾರೂ ಕೇಳಿದ್ದು ನೆನಪಿಲ್ಲ. ಆಮೇಲೆ ಸುತ್ತಲಿನ ಹೊಲಗಳಿಗೆ ಚೆಂಡುಹೂವು ಬಂತು. ಓಣಂ ಹತ್ತಿರವಾದಂತೆ ಕೇರಳದ ಲಾರಿಗಳು ಆ ಬಯಲಿಗೇ ಬಂದು ನಿಲ್ಲತೊಡಗಿದವು. ಪೇಟೆಯ ಸಾಬರೊಬ್ಬರು ಅಲ್ಲಿನ ಹುಣಸೆಮರಕ್ಕೆ ತಕ್ಕಡಿ ಕಟ್ಟಿ, ನಮ್ಮ ಹೂವು ತೂಗಿ ಕೊಂಡು, ಲಾರಿಗೆ ತುಂಬಿಸುತ್ತಿದ್ದರು. ನಮ್ಮ ಮನೆಯಲ್ಲಿ ಹೊಲ ಉಳುವುದು ಗಂಡನ ಕೆಲಸ, ಹೂವು ಬಿಡಿಸಿ ಮಾರುವುದು ನನ್ನದು. ಎರಡೂ ಊರಿನ ಹೆಂಗಸರು ಆ ಮರದಡಿ ಕೂತು ಎಲೆಯಡಿಕೆ ಹಾಕುತ್ತಾ ಸರದಿ ಕಾಯುತ್ತಿದ್ದೆವು.

ವ್ಯಾಪಾರ ಕುದುರಿದ ಮೇಲೆ ಬಯಲಿಗೆ ಒಡೆಯರು ಹುಟ್ಟಿಕೊಂಡರು.

ಒಂದು ಬೆಳಿಗ್ಗೆ ನಾನು ಮೂಟೆಗಳೊಂದಿಗೆ ಆಟೋದಲ್ಲಿ ಹೆದ್ದಾರಿ ಸುತ್ತಿ ಬಂದಾಗ, ತವರೂರಿನ ಕಡೆಯ ದಾರಿಗೆ ಅಡ್ಡಲಾಗಿ ತೆಂಗಿನ ನಾರಿನ ಹಗ್ಗ ಕಟ್ಟಿದ್ದರು. ಅದರ ನಡುವೆ ಕೆಂಪು ಬಟ್ಟೆಯ ತುಂಡು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನನ್ನ ಅಣ್ಣ ಕೂತಿದ್ದ.

"ಏನಣ್ಣ ಇದು?" ಎಂದೆ.

"ಸುಂಕ ಕಣಮ್ಮಿ. ಬಯಲು ನಮ್ಮೂರ್ದು. ದೇವಸ್ಥಾನಕ್ಕೆ ಮೂಟೆಗಿಷ್ಟು ಅಂತ ಊರೋರು ಸೇರಿ ತೀರ್ಮಾನ ಮಾಡವ್ರೆ."

"ನಾನೂ ಕೊಡ್ಬೇಕಾ?"

"ನೀನು ಈ ಊರ ಮಗಳು. ನೀನೇ ಮೊದ್ಲು ಕೊಟ್ಬುಡು, ಮಿಕ್ಕೋರು ಮಾತಾಡಕ್ಕಿಲ್ಲ."

ಅವನು ನಗುತ್ತಲೇ ಹೇಳಿದ. ದೇವರ ಕೆಲಸ, ಕೇಳುತ್ತಿರುವವನು ಒಡಹುಟ್ಟಿದವನು. ಕೊಟ್ಟೆ. ಅವನ ಜೊತೆಗಿದ್ದವನೊಬ್ಬ ಸುಂಕ ಸಂದ ಗುರುತಿಗೆ ನನ್ನ ಮೂಟೆಗಳ ಮೇಲೆ ಸುಣ್ಣದಲ್ಲಿ ಗೀಟು ಎಳೆದ.

ಸಂಜೆ ನಾನು ಮನೆ ಮುಟ್ಟುವ ಮೊದಲೇ ಆ ಸುದ್ದಿ ಮುಟ್ಟಿತ್ತು. ಗಂಡನ ತಮ್ಮ ಜಗಲಿಯ ಮೇಲೆ ಕಾಯುತ್ತಿದ್ದ.

"ಅತ್ತಿಗೆ, ಇದೇನು ಮಾಡ್ಬುಟ್ರಿ? ನಿಮ್ಮನೆ ಸೊಸೆನೇ ಒಪ್ಕಂಡು ಸುಂಕ ಕೊಟ್ಟವ್ಳೆ, ಬಯಲು ನಮ್ದೇ ಅಂತ ನಿಮ್ಮ ತವರೂರೋರು ಹೋಟ್ಲಲ್ಲಿ ಆಡ್ಕತಾವ್ರೆ."

"ಅಣ್ಣ ಕೇಳ್ದ, ಕೊಟ್ಟೆ. ಬಯಲು ಯಾರ್ದು ಅಂತ ನಾನೇನು ಯೋಳ್ಲಿಲ್ವಲ್ಲ."

"ಕೊಟ್ಟಿದ್ದೇ ಯೋಳ್ದಂಗೆ," ಎಂದು ಎದ್ದುಹೋದ.

ಎರಡೇ ದಿನದಲ್ಲಿ ಗಂಡನ ಊರಿನ ಕಡೆಯ ತುದಿಗೂ ಹಗ್ಗ ಬಂತು. ಅಲ್ಲಿ ನನ್ನ ಮೈದುನ ಕೂತ. ಇವರು ಕೆಮ್ಮಣ್ಣಿನ ಗೀಟು ಹಾಕಿದರು. ಸುಣ್ಣದ ಗೀಟಿನ ಮೂಟೆಯನ್ನು ಈ ಹಗ್ಗದವರು ಬಿಡುತ್ತಿರಲಿಲ್ಲ, ಕೆಮ್ಮಣ್ಣಿನದನ್ನು ಆ ಹಗ್ಗದವರು ಬಿಡುತ್ತಿರಲಿಲ್ಲ. ರಾತ್ರಿ ಬಂಡೀಪುರ ಕಾಡಿನ ಗೇಟು ಮುಚ್ಚುವ ಮೊದಲೇ ಗಡಿ ದಾಟಬೇಕಾದ ಲಾರಿಗಳನ್ನು ಎರಡೂ ಕಡೆ ನಿಲ್ಲಿಸಿ ಮಾತಿಗೆ ಮಾತು ಬೆಳೆಸುತ್ತಿದ್ದರು. ಡ್ರೈವರುಗಳು ಇಳಿಯದೆ ಸ್ಟೇರಿಂಗ್ ಹಿಡಿದೇ ಕೂತಿರುತ್ತಿದ್ದರು.

ಬಯಲಿನ ಗಾಳಿಯೇ ಬೇರೆಯಾಯಿತು. ಹೆಂಗಸರು ಮರದ ಆ ಮಗ್ಗುಲು, ಈ ಮಗ್ಗುಲು ಎಂದು ಬೇರೆ ಬೇರೆ ಕೂರತೊಡಗಿದರು. ನಾನು ಯಾವ ಕಡೆ ಕೂತರೂ ಮಾತು ನಿಲ್ಲುತ್ತಿತ್ತು. ಹಳೆಯ ಗಡಿಕಲ್ಲೊಂದು ಒಂದು ದಿನ ಇದ್ದ ಜಾಗದಲ್ಲಿ ಇರಲಿಲ್ಲ. ಬಹಳ ಮುಂದೆ, ಹಸಿ ಮಣ್ಣಿನಲ್ಲಿ ನಿಂತಿತ್ತು. ಯಾರೋ ಅದಕ್ಕೆ ಕುಂಕುಮವನ್ನೂ ಹಚ್ಚಿದ್ದರು. ಕುರ್ಚಿಗಳ ಕೆಳಗೆ ದೊಣ್ಣೆಗಳು ಕಾಣಿಸಿಕೊಂಡವು. ಅವನ್ನು ಯಾರೂ ಮುಟ್ಟುತ್ತಿರಲಿಲ್ಲ, ಆದರೆ ದಿನಾ ಇರುತ್ತಿದ್ದವು. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ನನಗೆ ಬಾಗಿನ ಬರಲಿಲ್ಲ. ಹೊಸಿಲಿನ ಹತ್ತಿರ ಇಡೀ ದಿನ ಸುಳಿದಾಡಿ, ಕೊನೆಗೆ ಅತ್ತೆಯ ಮುಖ ನೋಡಲಾರದೆ ಹಿತ್ತಿಲಿಗೆ ಹೋಗಿ ಪಾತ್ರೆ ತೊಳೆದೆ.

ಹಬ್ಬ ಕಳೆದ ಮೇಲೆ ನಾನು ಎರಡೂ ಹಗ್ಗದವರಿಗೆ ಸುಂಕ ಕೊಡುವುದಿಲ್ಲ ಎಂದುಬಿಟ್ಟೆ. ಗೀಟಿಲ್ಲದ ಮೂಟೆಗಳನ್ನು ನಮ್ಮ ಹೊಲದ ಬದುವಿನ ಮೇಲಿಂದ ತಲೆಹೊರೆಯಲ್ಲಿ ತಂದೆ. ಸಾಬರು ಏನೂ ಕೇಳದೆ ತೂಗಿದರು. ಅಣ್ಣ, ಮೈದುನ ಇಬ್ಬರೂ ಕುರ್ಚಿಯಿಂದಲೇ ನೋಡಿದರು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮೂಟೆಗಳನ್ನು ಮರದಡಿ ಇಟ್ಟು, ಕೊನೆಯ ಹೊರೆ ತರಲು ಹೊಲಕ್ಕೆ ಹೋಗಿದ್ದೆ. ಸಾಬರು ಪೇಟೆಯಿಂದ ಇನ್ನೂ ಬಂದಿರಲಿಲ್ಲ. ನಾನು ವಾಪಸ್ ಬರುವಷ್ಟರಲ್ಲಿ ಯಾರೋ ನನ್ನ ಚೀಲಗಳನ್ನೆಲ್ಲ ಉದ್ದಕ್ಕೆ ಸೀಳಿ ಹೂವು ಚೆಲ್ಲಾಡಿದ್ದರು. ನೆಲವೆಲ್ಲ ಹಳದಿ. ಅಷ್ಟರಲ್ಲಿ ಎರಡೂ ಕಡೆಯಿಂದ ಗಂಡಸರು ಓಡಿ ಬಂದು ಹೂವಿನ ಮೇಲೆಯೇ ಎದುರುಬದುರು ನಿಂತರು. ಈ ಸಲ ದೊಣ್ಣೆಗಳು ಕೈಯಲ್ಲಿದ್ದವು.

"ನಮ್ಮೂರ ಹೆಣ್ಮಗಳ ಹೂವಿಗೆ ಕೈ ಆಕೀರಾ?" ಎಂದ ಅಣ್ಣ.

"ನಮ್ಮನೆ ಸೊಸೆ ಚೀಲ ಕುಯ್ದು ನಮ್ಮ ಮ್ಯಾಲೇ ಆಕ್ತೀರಾ?" ಎಂದ ಮೈದುನ.

ಅದುವರೆಗೆ ನನ್ನನ್ನು ಮಾತಾಡಿಸದವರೆಲ್ಲ ನನ್ನ ಪರವಾಗಿ ಕೂಗುತ್ತಿದ್ದರು. ಆಗ ತಾನೇ ಬಂದ ಸಾಬರು ಮೆಲ್ಲಗೆ ನನ್ನ ಬಳಿ ಬಂದರು. "ಅವ್ವಾ, ಇವತ್ತು ಹೆಣ ಬೀಳ್ತದೆ. ನೀವು ಮನೆಗೆ ಹೋಗ್ಬಿಡಿ," ಎಂದರು.

ಯಾರು ಕುಯ್ದಿರಬಹುದೆಂದು ನಿಂತಿದ್ದ ಗಂಡಸರ ಕಾಲುಗಳನ್ನು ನೋಡಿದೆ. ತುಳಿದು ತುಳಿದು ಎಲ್ಲರ ಕಾಲಿಗೂ ಹಳದಿ ಹತ್ತಿತ್ತು. ನನ್ನ ಸೊಂಟದಲ್ಲಿ ಚೀಲದ ಹುರಿ ಕತ್ತರಿಸುವ ಕುಡುಗೋಲಿತ್ತು. ಅದನ್ನು ತೆಗೆದು ಎರಡೂ ಕಡೆಯವರ ನಡುವೆ ಹೋಗಿ ನೆಲಕ್ಕೆ ಹಾಕಿದೆ.

"ಚೀಲ ಕುಯ್ದೋಳು ನಾನೇ," ಎಂದೆ.

ಗದ್ದಲ ನಿಂತಿತು.

"ಸುಳ್ಳು ಯೋಳ್ಬ್ಯಾಡ ಕಣಮ್ಮಿ," ಎಂದ ಅಣ್ಣ.

"ನನ್ ಹೂವು, ನನ್ ಚೀಲ. ನಿಮ್ಮಿಬ್ಬರ ಕಾಟಕ್ಕೆ ರೋಸಿ ನಾನೇ ಕುಯ್ದೆ. ಪೊಲೀಸ್ರು ಬಂದ್ರೂ ಇದ್ನೇ ಯೋಳೋದು. ಈಗ ಯಾರಿಗೆ ಒಡೀತೀರೋ ಒಡೀರಿ."

ಯಾರೂ ನಂಬಲಿಲ್ಲ. ಆದರೆ ನನ್ನ ಹೆಸರಿನಲ್ಲಿ ಹೊಡೆದಾಡಲು ಬಂದವರಿಗೆ ನಾನೇ ಕಾರಣವಿಲ್ಲದಂತೆ ಮಾಡಿದ್ದೆ. ಮೊದಲು ಹಿಂದಿದ್ದವರು, ಆಮೇಲೆ ಮುಂದಿದ್ದವರು ಕದಲಿದರು. ಅಣ್ಣ ನನ್ನ ಕಡೆ ತಿರುಗದೆ ಹೋದ. ಮೈದುನ ಕಾಲಿನಿಂದ ಕುಡುಗೋಲನ್ನು ಪಕ್ಕಕ್ಕೆ ತಳ್ಳಿ ಹೋದ.

ಮನೆಯಲ್ಲಿ ಊಟಕ್ಕೆ ಕೂತಾಗ ಗಂಡ, "ಊರೋರ ಮುಂದೆ ತಲೆ ಕೆಟ್ಟೋಳು ಅನ್ನಿಸ್ಕಂಡೆ," ಎಂದರು.

"ಅನ್ಲಿ ಬುಡಿ," ಎಂದೆ. ಅವರು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು. ಕೈ ತೊಳೆದು ಎದ್ದು ಬಾಗಿಲ ಚಿಲಕ ಎರಡು ಸಲ ನೋಡಿ ಬಂದೆ. ಭಯ ಆಗ ಬಂತು.

ಮುಂದಿನ ವರ್ಷ ಲಾರಿಗಳು ಬರಲಿಲ್ಲ. ಸಾಬರು ತಕ್ಕಡಿ ಬಿಚ್ಚಿಕೊಂಡು ಪೇಟೆಗೆ ಹೋದರು. ನಾನು ಮೂಟೆಗಳನ್ನು ಗೂಡ್ಸ್ ಆಟೋಗೆ ಹಾಕಿಸಿಕೊಂಡು ಚಾಮರಾಜನಗರಕ್ಕೆ ಹೋಗಿ ಮಾರುತ್ತೇನೆ. ದೂರ ಹೆಚ್ಚು, ಮಾತುಕತೆ ಕಡಿಮೆ. ಬಯಲಿನಲ್ಲಿ ವ್ಯಾಪಾರವಿಲ್ಲ, ಆದರೆ ಹಗ್ಗಗಳ ಜಾಗಕ್ಕೆ ಕಬ್ಬಿಣದ ಕಂಬಗಳು ಬಂದಿವೆ. ಖಾಲಿ ಬಯಲಿನ ಎರಡೂ ತುದಿಯಲ್ಲಿ ಈಗಲೂ ಯಾರಾದರೂ ಕೂತಿರುತ್ತಾರೆ.

ಮೊನ್ನೆ ಬಸ್‌ಸ್ಟಾಂಡಿನಲ್ಲಿ ಅಣ್ಣ ಸಿಕ್ಕಿದ. ಅಷ್ಟು ಕಾಲದ ಮೇಲೆ ತಾನಾಗಿ ಮಾತಾಡಿಸಿದ.

"ಈ ಸಲ ಲಾರಿ ಮತ್ತೆ ಬತ್ತವಂತೆ. ನೀನು ಮಾತ್ರ ಬಯಲ ಕಡೆ ಬರ್ಬ್ಯಾಡ ಕಣಮ್ಮಿ."

"ಯಾಕಣ್ಣ?"

"ಬರ್ಬ್ಯಾಡ ಅಂದ್ರೆ ಬರ್ಬ್ಯಾಡ."

ಅದೇ ವಾರ ಮೈದುನ ಕಾಫಿ ಲೋಟ ಕೆಳಗಿಡುತ್ತಾ, ನನ್ನ ಮುಖ ನೋಡದೆ, "ಅತ್ತಿಗೆ, ಈ ಸಲ ಬಯಲ ಕಡೆ ಬರ್ಬ್ಯಾಡಿ," ಎಂದ.

ನಾನು ನಡುವೆ ನಿಂತರೆ ದೊಣ್ಣೆ ಎತ್ತಲಾಗದು ಎಂಬುದು ಇಬ್ಬರಿಗೂ ಗೊತ್ತು. ಬಂದೇ ಬರುತ್ತೇನೆ ಎಂದು ಇಬ್ಬರಿಗೂ ಹೇಳಿದ್ದೇನೆ. ಚೆಂಡುಹೂವಿನ ಸಸಿಗಳು ಈಗಷ್ಟೇ ನೆಲ ಹಿಡಿಯುತ್ತಿವೆ.