ವೀರಗಲ್ಲಿಗೆ ಹತ್ತು ರೂಪಾಯಿ

ಹತ್ತು ರೂಪಾಯಿಗೆ ಈಗ ಏನು ಬರುತ್ತದೆ ಹೇಳಿ. ನಮ್ಮ ಕೃಷ್ಣರಾಜಪುರದಲ್ಲಿ ಅರ್ಧ ಲೋಟ ಟೀ ಬರುತ್ತದೆ, ಅದೂ ಅಂಗಡಿಯವನ ಮನಸ್ಸು ಚೆನ್ನಾಗಿದ್ದರೆ. ಅಂಥ ಹತ್ತು ರೂಪಾಯಿಯಿಂದ ನಾನು ಇರುವ ಬಾಡಿಗೆ ಮನೆಯನ್ನೇ ಕಳೆದುಕೊಳ್ಳುವ ಹಂತಕ್ಕೆ ಹೋಗಿಬಂದೆ. ಸತ್ತವರ ನೆನಪಿಗಾಗಿ ಕಟ್ಟಿದ ಸಂಗ್ರಹಾಲಯಕ್ಕೆ ಪ್ರವೇಶ ಶುಲ್ಕ ಇರಲೇಬೇಕೆಂದು ಸಭೆಯಲ್ಲಿ ಎದ್ದು ನಿಂತು ಸೂಚಿಸಿದವನು ನಾನು. ಅನುಮೋದಿಸಿದವರು ಯಾರೆಂಬುದು ಈಗ ಯಾರಿಗೂ ನೆನಪಿಲ್ಲ.

ಸಂಗ್ರಹಾಲಯವೆಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಹಳೇ ಊರಿನ ಓಣಿಯೊಂದರಲ್ಲಿ ವಾಚನಾಲಯ ಮುಚ್ಚಿಹೋಗಿ ಖಾಲಿ ಬಿದ್ದಿದ್ದ ಎರಡು ಕೋಣೆಗಳು. ವಿಮಾ ಕಚೇರಿಯಿಂದ ನಿವೃತ್ತನಾದ ನಾನು, ನನ್ನಂಥದೇ ಬಿಡುವಿನ ಇನ್ನೂ ನಾಲ್ಕೈದು ಜನ, ರಿಚರ್ಡ್ಸ್ ಟೌನಿನಿಂದ ದಿನವೂ ಟ್ರಾಫಿಕ್ಕಿನಲ್ಲಿ ಬೆಂದು ಬರುವ ನಮ್ಮ ಅಧ್ಯಕ್ಷರು, ಇವರು ಇತಿಹಾಸದ ಮೇಷ್ಟರಾಗಿದ್ದವರು, ಎಲ್ಲ ಸೇರಿ ಸುತ್ತಲ ಹಳ್ಳಿಗಳಿಗಾಗಿ ಪ್ರಾಣ ಕೊಟ್ಟವರ ಸ್ಮಾರಕ ಎಂದು ಬೋರ್ಡು ಹಾಕಿದೆವು. ಒಳಗಿದ್ದದ್ದು ಒಂದಿಷ್ಟು ಫೋಟೋ, ಕತ್ತಿ ಎಂದು ನಾವೆಲ್ಲ ಒಮ್ಮತದಿಂದ ನಂಬಿರುವ ಒಂದು ತುಕ್ಕು ಕಬ್ಬಿಣ, ಮತ್ತು ಒಂದೇ ಒಂದು ನಿಜವಾದ ವೀರಗಲ್ಲು.

ಆ ಕಲ್ಲಿನ ಮೇಲೆ ಮೂರು ಅಂತಸ್ತು. ಕೆಳಗಿನದರಲ್ಲಿ ಊರ ದನ ಹೊಡೆದುಕೊಂಡು ಹೊರಟವರ ಜೊತೆ ವೀರ ಕಾದುತ್ತಿದ್ದಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಪಕ್ಕ ಆರಾಮವಾಗಿ ಕೂತಿದ್ದಾನೆ. ಭೂತಗನ್ನಡಿ ಹಿಡಿದು ನೋಡಿದ್ದೇನೆ, ಎರಡನೆಯ ಅಂತಸ್ತಿಗೂ ಮೂರನೆಯದಕ್ಕೂ ನಡುವೆ ಎಲ್ಲಿಯೂ ಟಿಕೆಟ್ ಕೌಂಟರ್ ಇಲ್ಲ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಆದರೆ ನನ್ನ ಕಷ್ಟವನ್ನೂ ಕೇಳಿ. ಮೊದಲ ಆರು ತಿಂಗಳು ಪ್ರವೇಶ ಉಚಿತವಾಗಿತ್ತು. ಜನ ಬರುತ್ತಿದ್ದರು, ಇಲ್ಲವೆನ್ನುವುದಿಲ್ಲ. ಬಸ್ಸು ತಪ್ಪಿದವರು ಫ್ಯಾನಿನ ಕೆಳಗೆ ಕೂರಲು ಬಂದರು. ಮೊಬೈಲ್ ಚಾರ್ಜ್ ಮಾಡಲು ಬಂದವರು ವೀರನಿಗೆ ಬೆನ್ನು ಕೊಟ್ಟು ಗೋಡೆಗೆ ಅಂಟಿಕೊಂಡು ನಿಂತರು. ಮರ್ಫಿ ಟೌನಿನಿಂದ ಬಂದಿದ್ದ ಹೆಂಗಸೊಬ್ಬರು ಎಲ್ಲವನ್ನೂ ಶ್ರದ್ಧೆಯಿಂದ ನೋಡಿ ಮುಗಿಸಿದಾಗ ನನಗೆ ಕಣ್ಣು ತುಂಬಿತು. ಆಮೇಲೆ ಅವರು, "ಸಾರ್, ಆಧಾರ್ ಅಪ್‌ಡೇಟ್ ಮಾಡೋದು ಒಳಗಡೆ ರೂಮಾ?" ಎಂದರು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎನ್ನುವ ಜನ ನಾವು. ಪುಕ್ಕಟೆ ಸಿಕ್ಕ ನೆನಪಿಗೆ ಬೆಲೆ ಎಲ್ಲಿಂದ ಬರಬೇಕು? ಹೀಗೆಂದು ನಾನು ಭಾಷಣ ಮಾಡಿದೆ, ಟಿಕೆಟ್ಟು ಬಂತು. ಮುದ್ರಿಸುವ ಹೊಣೆಯನ್ನೂ ಹೊತ್ತು, ಕೆಳಗಡೆ ಅಂದವಾಗಿ 'ಧನ್ಯವಾದ, ಮತ್ತೆ ಬನ್ನಿ' ಎಂದು ಸೇರಿಸಿದೆ.

ಅದನ್ನು ಮೊದಲು ಓದಿದವಳು ನನ್ನ ಹೆಂಡತಿ. "ಸತ್ತವ್ರ ಮನೇಲಿ ಯಾರಾದ್ರೂ ಮತ್ತೆ ಬನ್ನಿ ಅಂತಾರೇನ್ರೀ?" ಎಂದಳು. ಅವಳು ಹೇಳಿದ್ದು ಸರಿ. ಸಾವಿನ ಮನೆಯಿಂದ ಏಳುವಾಗ 'ಹೋಗಿ ಬರುತ್ತೇನೆ' ಎನ್ನುವ ಹಾಗಿಲ್ಲ, ಸುಮ್ಮನೆ ಎದ್ದು ನಡೆಯಬೇಕು. ಕಳಿಸುವವರೂ 'ಬನ್ನಿ' ಎನ್ನುವುದಿಲ್ಲ. ನಾನು ಇದು ಮನೆಯಲ್ಲ, ಮ್ಯೂಸಿಯಂ ಎಂದು ವಾದಿಸಿದೆ. ಸಾವಿರ ಟಿಕೆಟ್ಟು ಅಚ್ಚಾಗಿ ಬಂದಾಗಿತ್ತು, ಬೇರೆ ಏನು ವಾದಿಸಲಿ?

ಇನ್ನು ಮುನಿಲಕ್ಷ್ಮಮ್ಮನವರ ವಿಷಯ. ಅವರು ನಮ್ಮ ಮನೆಯ ಓನರ್. ಒಂದು ಕಾಲಕ್ಕೆ ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಕಟ್ಟಡ ಬೆಳೆದಿವೆ, ಅದರಲ್ಲೊಂದರ ಮೊದಲನೇ ಮಹಡಿಯಲ್ಲಿ ನಾವಿದ್ದೇವೆ. ವೀರಗಲ್ಲು ಬಂದದ್ದೂ ಅದೇ ಹೊಲದಿಂದಲೇ. ಪಾಯ ತೋಡುವಾಗ ಎತ್ತಿ ಹಿತ್ತಲಿಗೆ ಒರಗಿಸಿದ್ದರು. ಬಾಡಿಗೆಯವರು ಅದರ ಮೇಲೆ ಟವೆಲ್ ಒಣಹಾಕುತ್ತಿದ್ದರು, ಸುಳ್ಳೇಕೆ ಹೇಳಲಿ, ನಮ್ಮದೂ ಒಂದೆರಡು ಇರುತ್ತಿದ್ದವು. ನಾವು ಕೇಳಿದಾಗ ಮುನಿಲಕ್ಷ್ಮಮ್ಮನವರು, "ತಗೊಂಡ್ಹೋಗಿ ಸಾರ್, ಕಾರ್ ಹಾಕಕ್ಕೆ ಅಡ್ಡ" ಎಂದು ಸಂತೋಷದಿಂದ ಕೊಟ್ಟಿದ್ದರು.

ಟಿಕೆಟ್ಟಿನ ಸುದ್ದಿ ಕಿವಿಗೆ ಬಿದ್ದ ದಿನ ಅವರು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ಮಂಡಿನೋವಿರುವ ಅವರು ಮೆಟ್ಟಿಲು ಹತ್ತಿದ್ದಾರೆಂದರೆ ವಿಷಯ ದೊಡ್ಡದು.

"ಏನ್ ಸಾರ್, ನಮ್ ತಾತನ್ನ ನೋಡಕ್ಕೆ ನಾವೇ ದುಡ್ ಕೊಡ್ಬೇಕಂತೆ? ಊರೋರೆಲ್ಲ ನಗ್ತಾವ್ರೆ."

ಅಲ್ಲಿಯವರೆಗೆ 'ಕಲ್ಲು' ಆಗಿದ್ದವನು ತಾತನಾದದ್ದು ಯಾವಾಗ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರು ಮುಂದುವರಿಸಿದರು. "ಹಿರಿಯರ ಹಬ್ಬಕ್ಕೆ ಮೊದ್ಲು ಇತ್ಯರ್ಥ ಮಾಡಿ. ಇಲ್ದಿದ್ರೆ ಕ್ರೇನ್ ತರ್ಸಿ ತಾತನ್ನ ಕರ್ಕೊಂಡು ಬತ್ತೀನಿ. ಒಂದ್ ಮನೆ ಖಾಲಿ ಮಾಡ್ಸಿ ಅಲ್ಲೇ ಕೂರುಸ್ತೀನಿ."

ಯಾವ ಮನೆ ಎಂದು ನಾನು ಕೇಳಲಿಲ್ಲ. ಹೆಂಡತಿ ಕಾಫಿ ತಂದಳು, ಅವರು ಕುಡಿಯದೆ ಹೋದರು.

ಅಧ್ಯಕ್ಷರು ಸಂಧಾನಕ್ಕೆಂದು ನನ್ನನ್ನು ಕರೆದುಕೊಂಡು ಮುನಿಲಕ್ಷ್ಮಮ್ಮನವರ ಮನೆಗೆ ಹೋದರು. ನಮ್ಮ ಅಧ್ಯಕ್ಷರು ಮನೆಯಲ್ಲಿಯೂ ಪುಸ್ತಕದ ಕನ್ನಡವನ್ನೇ ಆಡುವವರು. "ತಾಯಿ, ಈ ವೀರ ತಮ್ಮ ವಂಶದವನೆನ್ನಲು ಆಧಾರವಿಲ್ಲ. ಶಾಸನ ಸವೆದುಹೋಗಿದೆ, ಹೆಸರೇ ಉಳಿದಿಲ್ಲ" ಎಂದರು.

"ನಮ್ ಹೊಲ್ದಾಗೆ ಸತ್ತವ್ನೆ ಅಂದ್ರೆ ನಮ್ಮೋನೇ ಅಲ್ವಾ ಸಾರ್? ಹೊಲ ನಮ್ದು, ತಾತ ಮಾತ್ರ ಬೇರೆಯವ್ರದಾ?"

ಇದಕ್ಕೆ ಉತ್ತರವಾಗಿ ಇತಿಹಾಸ ಆಜೀವ ಉಚಿತ ಪಾಸೊಂದನ್ನು ಚಾಚಿತು. ಅವರು ಅದನ್ನು ಮುಟ್ಟಲಿಲ್ಲ. "ಬಿಟ್ಟಿ ಹೋಗಕ್ಕೆ ಅದೇನ್ ಬಸ್ಸಾ?" ಎಂದರು. ಕಾಸು ಕೊಟ್ಟು ಹೋದರೆ ಅವಮಾನ, ಕೊಡದೆ ಹೋದರೂ ಅವಮಾನ. ಕಲ್ಲು ಹೋದರೆ ನಮ್ಮ ಸ್ಮಾರಕದಲ್ಲಿ ಉಳಿಯುವುದು ಆ ಕಬ್ಬಿಣ ಮಾತ್ರ.

ಅವತ್ತು ರಾತ್ರಿ ನನಗೊಂದು ವಿಚಿತ್ರ ಹೊಳೆಯಿತು. ಟವೆಲ್ ಒಣಗುತ್ತಿದ್ದ ಅಷ್ಟು ವರ್ಷ ಆ ವೀರನಿಗೆ ನೆಂಟರಿರಲಿಲ್ಲ. ಹತ್ತು ರೂಪಾಯಿ ಕೇಳಿದ್ದೇ ತಡ, ಮೊಮ್ಮಗಳು ಹುಟ್ಟಿಕೊಂಡಳು. ಹಾಗಾದರೆ ಶುಲ್ಕ ಗೆದ್ದಿತಲ್ಲ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ. "ಗೆದ್ದಿದೀರಿ, ಸಾಮಾನು ಕಟ್ಟೋಣ್ವಾ?" ಎಂದಳು.

ಹಿರಿಯರ ಹಬ್ಬದ ಅಮಾವಾಸ್ಯೆ ಬಂತು. ಈ ಕಡೆಯ ಹಳೇ ಮನೆತನಗಳಲ್ಲಿ ಅವತ್ತು ಸತ್ತವರಿಗೆ ಎಡೆ ಇಡುತ್ತಾರೆ. ಅವರಿಗೆ ಏನೇನು ಇಷ್ಟವಿತ್ತೋ ಎಲ್ಲವನ್ನೂ ಎಲೆಯ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಮುನಿಲಕ್ಷ್ಮಮ್ಮನವರು ಎಡೆ ಹೊತ್ತು ಸಂಸಾರ ಸಮೇತ ನಮ್ಮ ಸಂಗ್ರಹಾಲಯಕ್ಕೇ ಬಂದುಬಿಟ್ಟರು. ಈ ತಾತನಿಗೆ ಏನಿಷ್ಟವೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಯಾವುದನ್ನೂ ಬಿಟ್ಟಿರಲಿಲ್ಲ. ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್. 'ಒಳಗೆ ತಿಂಡಿ ತಿನಿಸು ತರಬಾರದು' ಎಂಬ ಬೋರ್ಡನ್ನು ಅಧ್ಯಕ್ಷರು ಒಮ್ಮೆ ನೋಡಿದರು. ಅಷ್ಟರಲ್ಲಿ ಮುನಿಲಕ್ಷ್ಮಮ್ಮನವರ ಸೊಸೆ ತಾತನ ಹೊಸ ಪಂಚೆಯನ್ನು ಅದರ ಮೇಲೆಯೇ ನೇತುಹಾಕಿದಳು.

ಬಾಗಿಲ ಹೊರಗಿನ ಮೇಜಿನಲ್ಲಿ ಟಿಕೆಟ್ ಕೊಡುವ ಸರದಿ ಅವತ್ತು ನನ್ನದು. ಓಣಿಯಲ್ಲಿ ಕ್ರೇನ್ ನಿಂತಿದೆಯೇ ಎಂದು ಕತ್ತು ಚಾಚಿ ನೋಡಿಯಾಗಿತ್ತು. ಮುನಿಲಕ್ಷ್ಮಮ್ಮನವರು ನೇರ ನನ್ನ ಮುಂದೆ ಬಂದು ನಿಂತರು.

"ಒಂದ್ ಟಿಕೆಟ್ ಕೊಡಿ ಸಾರ್."

"ಬೇಡ ಅಮ್ಮ, ನಿಮ್ಗೆ ಯಾಕೆ ಟಿಕೆಟ್ಟು?" ಎಂದೆ.

"ನನಗಲ್ಲ. ನಾವ್ ಮನೆಯೋರು, ನಾವ್ಯಾಕೆ ತಗೊಳಾಣ? ತಾತ ಹೊರಗಿಂದ ಬರ್ಬೇಕಲ್ಲ. ಬಾಗ್ಲಾಗೆ ನೀವ್ ಕೂತಿರ್ತೀರ. ಅಷ್ಟ್ ದೂರದಿಂದ ಬಂದೋನ್ನ ಹತ್ತು ರೂಪಾಯಿಗೆ ನಿಲ್ಸಿಬಿಟ್ರೆ?"

ಕುಹಕವಿರಬಹುದೆಂದು ಅವರ ಮುಖ ನೋಡಿದೆ. ಇರಲಿಲ್ಲ. ಹಸಿದು ಬರುವವನ ಬಗ್ಗೆ ಇರುವಂಥ ನಿಜವಾದ ಚಿಂತೆಯಿತ್ತು. ನನಗೆ ತುಂಬಾ ನಾಚಿಕೆಯಾಯಿತು. ಒಂದು ಟಿಕೆಟ್ಟು ಹರಿದು ಕೊಟ್ಟೆ. ಅವರು ಹತ್ತರ ನೋಟನ್ನು ಮೇಜಿನ ಮೇಲಿಟ್ಟು, ಟಿಕೆಟ್ಟನ್ನು ಒಯ್ದು ಎಲೆಯ ಮೇಲೆ ಬೀಡಿಯ ಪಕ್ಕದಲ್ಲಿ ಇಟ್ಟರು. ಆಮೇಲೆ ಎಲ್ಲರೂ ಹೊರಗೆ ಬಂದೆವು, ಬಾಗಿಲು ಮುಚ್ಚಿತು.

ಓಣಿಯಲ್ಲಿ ಆ ಸಂಸಾರ, ನಮ್ಮ ಸಮಿತಿ, ಎಡೆ ನೋಡಲು ಬಂದಿದ್ದ ನನ್ನ ಹೆಂಡತಿ, ಟಿಕೆಟ್ ಕೊಂಡು ನೋಡಲು ಬಂದಿದ್ದ ಕಾಲೇಜು ಹುಡುಗರಿಬ್ಬರು, ಎಲ್ಲರೂ ಕಾದು ನಿಂತೆವು. "ಎಷ್ಟೊತ್ತಾಗುತ್ತೆ ಆಂಟಿ?" ಎಂದ ಒಬ್ಬ. "ಉಂಡು ಏಳ್ಬೇಕಲ್ಲಪ್ಪ" ಎಂದರು ಮುನಿಲಕ್ಷ್ಮಮ್ಮ. ನಾನು ದೆವ್ವ ಭೂತ ನಂಬುವವನಲ್ಲ. ಆದರೂ ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ, ಬಾಗಿಲಿಗೆ ಅಡ್ಡವಾಗಿದ್ದ ನನ್ನ ಕುರ್ಚಿಯನ್ನು ನಾನೇ ಪಕ್ಕಕ್ಕೆ ಸರಿಸಿಕೊಂಡಿದ್ದೆ.

ಆಮೇಲೆ ಅಧ್ಯಕ್ಷರು, ಕೀಲಿ ತಮ್ಮ ಜೇಬಿನಲ್ಲಿಯೇ ಇದ್ದರೂ, ಸೊಸೆ ಹೇಳಿಕೊಟ್ಟಂತೆ ತಮ್ಮದೇ ಸಂಗ್ರಹಾಲಯದ ಬಾಗಿಲನ್ನು ತಟ್ಟಿ, ಒಂದು ಗಳಿಗೆ ಕಾದು ತೆಗೆದರು. ಊಟವಾಯಿತು. ನಾನು ವಡೆಗೆ ನಿಲ್ಲಿಸಿದೆ, ಕಾಲೇಜು ಹುಡುಗರು ನಿಲ್ಲಿಸಲಿಲ್ಲ. ಹೆಂಡತಿ ಎಲೆಯ ಮೇಲಿನ ಟಿಕೆಟ್ಟನ್ನು ಬಗ್ಗಿ ಓದಿ, "ಮತ್ತೆ ಬನ್ನಿ ಅಂತ ಹಾಕ್ಸಿದ್ದಕ್ಕೆ ಇದೊಂದು ಸರಿಯಾದೋರ ಕೈಗೆ ಹೋಯ್ತು ನೋಡಿ" ಎಂದಳು.

ಮುಂದಿನ ಸಭೆಯಲ್ಲಿ ಶುಲ್ಕ ರದ್ದಾಗಲಿ ಎಂದು ನಾನೇ ಎದ್ದು ನಿಂತೆ. ಸಮಿತಿಗೆ ಹೊಸದಾಗಿ ಸೇರಿದ್ದ ಮುನಿಲಕ್ಷ್ಮಮ್ಮನವರು ಒಪ್ಪಲಿಲ್ಲ. "ಇರ್ಲಿ ಬಿಡಿ ಸಾರ್, ಬಿಟ್ಟಿ ಅಂದ್ರೆ ಮತ್ತೆ ಮೊಬೈಲ್ ಚುಚ್ಚಕ್ಕೆ ಬತ್ತಾರೆ. ನಮ್ ತಾತಂಗೂ ಒಂದ್ ಬೆಲೆ ಬೇಡ್ವಾ?" ಎಂದರು. ಈ ಸಲ ಅನುಮೋದಿಸಿದವನು ನಾನು. ನಾನು ಅವರ ಮನೆಯಲ್ಲಿ ಬಾಡಿಗೆಗಿದ್ದೇನೆ ಎಂಬುದನ್ನು ಮರೆಯಬೇಡಿ.

ಹಾಗಾಗಿ ನಮ್ಮಲ್ಲಿ ಪ್ರವೇಶ ಶುಲ್ಕ ಈಗಲೂ ಹತ್ತು ರೂಪಾಯಿ. ಸ್ಮಾರಕಗಳಿಗೆ ಶುಲ್ಕ ಇರಬೇಕೋ ಬೇಡವೋ ಎಂದು ನೀವು ಕೇಳಿದರೆ ನನಗಿನ್ನೂ ಗೊತ್ತಿಲ್ಲ. ಬೇಕಾದರೆ ಬನ್ನಿ, ಟಿಕೆಟ್ಟು ಹರಿದು ಕೊಡುತ್ತೇನೆ. ಕುರ್ಚಿಯನ್ನು ಮಾತ್ರ ಅವತ್ತಿನಿಂದ ಬಾಗಿಲಿಗೆ ಅಡ್ಡ ಹಾಕಿಲ್ಲ.