ಪಂಚಮಿಗೆ ತಮ್ಮನನ್ನು ಕರೆಯಲು ಹೋದದ್ದು

ನನ್ನ ತಮ್ಮ ಸುಳ್ಳುಗಾರನಲ್ಲ ಎಂದು ನಾನು ಹೇಳಲಿಲ್ಲ. ಆ ಮಾತು ಹೇಳಬೇಕಾದವಳು ನಾನೊಬ್ಬಳೇ, ಏಕೆಂದರೆ ಸುಳ್ಳು ಹೇಳಿದವಳು ನಾನು. ಒಂದು ಪಂಚಮಿಯಿಂದ ಮುಂದಿನ ಪಂಚಮಿಯವರೆಗೆ ಅದನ್ನು ಬಾಯೊಳಗೇ ಇಟ್ಟುಕೊಂಡು ಓಡಾಡಿದೆ. ರೊಟ್ಟಿ ಬಡಿದೆ, ಕಳೆ ತೆಗೆದೆ, ಉಂಡೆ, ನಕ್ಕೆ. ಬಾಯಿ ಎಲ್ಲದಕ್ಕೂ ತೆರೆಯಿತು, ಅದೊಂದಕ್ಕೆ ತೆರೆಯಲಿಲ್ಲ.

ನನ್ನ ತವರು ಯರಗುಪ್ಪಿ, ಕೊಟ್ಟ ಊರು ಮೊರಬ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಅವ್ವ ಹೊಲಕ್ಕೆ ಹೋದರೆ ತಮ್ಮನನ್ನು ಬಗಲಲ್ಲಿ ಹೊತ್ತು ಆಡಿಸಲು ಮನೆಯಲ್ಲಿ ಯಾರಾದರೂ ಬೇಕಿತ್ತು. ಹೀಗಾಗಿ ಅವನು ಬಿ.ಎ. ಪಾಸಾದಾಗ ಅರ್ಧ ಡಿಗ್ರಿ ನಂದೇ ಎಂದು ಹೇಳಿಕೊಂಡು ತಿರುಗಿದೆ.

"ಯಾವ ಅರ್ಧ ಬೇ ಅಕ್ಕಾ? ಪಾಸಾದ ಅರ್ಧನೋ, ಇಂಗ್ಲೀಷಿನಾಗ ನಪಾಸಾಗಿ ಮತ್ತ ಕಟ್ಟಿದ ಅರ್ಧನೋ?" ಅಂದಿದ್ದ ಅವನು.

ಅವನು ಹುಟ್ಟಿದ್ದೇ ಹಾಗೆ. ತೊಟ್ಟಿಲಲ್ಲಿದ್ದಾಗಲೂ ಅಳುವ ಮಧ್ಯೆ ನಗುತ್ತಿದ್ದ.

ಡಿಗ್ರಿ ಬಂತು, ನೌಕರಿ ಬರಲಿಲ್ಲ. ಪರೀಕ್ಷೆ ಬರೆಯಲು ಧಾರವಾಡ, ಬೆಳಗಾವಿ, ವಿಜಯಪುರ ಎಲ್ಲ ಸುತ್ತಿದ. "ಹೋದಲ್ಲೆಲ್ಲ ಪೇಢೆ, ಕುಂದಾ ತಿಂದು ಬಂದೀನಿ, ಲುಕ್ಸಾನೇನೂ ಇಲ್ಲ" ಎನ್ನುತ್ತಿದ್ದ. ಅಷ್ಟರಲ್ಲಿ ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ಸರಕಾರ ತಿಂಗಳ ಭತ್ಯೆ ಕೊಡಲು ಶುರುಮಾಡಿತು. ತಮ್ಮ ಅರ್ಜಿ ಹಾಕಿದ, ಭತ್ಯೆ ಬಂತು. ಬಂದದ್ದೇ ತಡ, ಯರಗುಪ್ಪಿಯ ಚಹಾದಂಗಡಿಯವರು ಅವನಿಗೊಂದು ಹೆಸರಿಟ್ಟರು: ಸರಕಾರದ ಅಳಿಯ.

"ಬರ್ರಿ ಅಳಿಯಂದ್ರ, ಚಾ ಕುಡಿಯೂಣು. ಈ ತಿಂಗಳ ಮಾವ ರೊಕ್ಕ ಕಳಿಸ್ಯಾನೋ ಇಲ್ಲೋ?"

"ರೊಕ್ಕ ಕಳಿಸ್ಯಾನ್ ಕಾಕಾ. ಮಗಳನ್ನ ಮಾತ್ರ ಇನ್ನೂ ತೋರಿಸವಲ್ಲ. ನೀವರ ಸ್ವಲ್ಪ ವಿಚಾರಸ್ರಿ."

ಇದನ್ನೆಲ್ಲ ಅವನೇ ಫೋನಿನಲ್ಲಿ ಹೇಳಿ ನಗಿಸುತ್ತಿದ್ದ. ನಾನು ನಗುತ್ತಿದ್ದೆ, ಆದರೆ ಒಳಗೆ ಚುಚ್ಚುತ್ತಿತ್ತು. ಆ ಬೆಂಚಿನ ಮೇಲೆ ಕುಳಿತು ಅವನನ್ನು ಕಾಡುವವರಲ್ಲಿ ಒಬ್ಬರಿಗೆ ವೃದ್ಧಾಪ್ಯ ವೇತನ ಬರುತ್ತದೆ. ಇನ್ನೊಬ್ಬರ ಕಾಲ ಬಳಿಯೇ ರೇಶನ್ ಅಕ್ಕಿಯ ಚೀಲ. ಚಹಾದಂಗಡಿಯವರ ಹೆಂಡತಿಗೂ ನನಗೂ ಸರಕಾರ ಮನೆಯೊಡತಿಗೆ ಕೊಡುವ ದುಡ್ಡು ಬರುತ್ತದೆ, ಬಂದ ದಿನ ಇಬ್ಬರ ಮನೆಯಲ್ಲೂ ಸಿಹಿ. ನಮಗ್ಯಾರಿಗೂ ಯಾರೂ ಹೆಸರಿಟ್ಟಿಲ್ಲ. ಕೈಕಾಲು ಗಟ್ಟಿ ಇರುವ ಹುಡುಗ ತೆಗೆದುಕೊಂಡರೆ ಮಾತ್ರ ಅದು ನಾಚಿಕೆ. ಅವನೇನು ಸುಮ್ಮನೆ ಕುಳಿತವನಲ್ಲ. ಎಮ್ಮೆ ಹಿಂಡುತ್ತಾನೆ, ಹೊಲಕ್ಕೆ ಹೋಗುತ್ತಾನೆ, ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾನೆ. ಸಂಬಳ ಕೊಡುವವರಿಲ್ಲದ ಕೆಲಸವನ್ನು ಯಾರೂ ಕೆಲಸ ಎನ್ನುವುದಿಲ್ಲ, ಅಷ್ಟೆ. ಇಷ್ಟೆಲ್ಲ ಈಗ ಬರೆಯುತ್ತೇನೆ. ಆಗ ನನಗೂ ನಾಚಿಕೆಯೇ ಆಗುತ್ತಿತ್ತು.

ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಗಂಡನ ಮನೆಗೆ ಬಂದು ಕರೆಯಬೇಕು, ಕರೆದ ಮೇಲೇ ಹೋಗಬೇಕು. ಆ ದಿನಗಳಲ್ಲಿ ಯಾವ ಬಸ್ಸು ಹತ್ತಿದರೂ ಉಂಡಿಯ ವಾಸನೆ, ಬೆಲ್ಲದ್ದು, ಎಳ್ಳಿನದು. ಒಂದೇ ಮನೆಯಿಂದ ಸೊಸೆ ಹೊರಡುತ್ತಾಳೆ, ಮಗಳು ಬಂದಿಳಿಯುತ್ತಾಳೆ. ಹಾಗಾಗಿ ಹೋದ ವರ್ಷ ನಮ್ಮ ಪಡಸಾಲೆಯಲ್ಲಿ ಒಂದೇ ಹೊತ್ತಿಗೆ ಇಬ್ಬರು ಬೀಗರು ಕೂತರು. ನನ್ನನ್ನು ಕರೆಯಲು ಬಂದ ತಮ್ಮ ಒಬ್ಬ. ನನ್ನ ನಾದಿನಿಯನ್ನು ತವರಿಗೆ ಬಿಡಲು ಬಂದ ಅವಳ ಗಂಡ ಇನ್ನೊಬ್ಬರು. ಅವರಿಗೆ ಕಲಘಟಗಿಯಲ್ಲಿ ಗೊಬ್ಬರದ ಅಂಗಡಿ. ಕೆಟ್ಟವರಲ್ಲ, ಆದರೆ ಯಾರನ್ನು ಕಂಡರೂ ಮೊದಲು ತಕ್ಕಡಿಗೆ ಹಾಕಿ ನೋಡುವ ಅಭ್ಯಾಸ. ನನ್ನ ಗಂಡ ಟ್ರ್ಯಾಕ್ಟರ್ ತೆಗೆದುಕೊಂಡು ಹೊರಗೆ ಹೋಗಿದ್ದರು.

"ಮತ್ತ, ಏನ್ ಮಾಡ್ತೀರಿ ತಮ್ಮಾ ನೀವು?" ಎಂದು ಕೇಳಿದರು ನಾದಿನಿಯ ಗಂಡ.

ತಮ್ಮ ಬಾಯಿ ತೆರೆದ. ಅವನ ತುಟಿಯ ಮೂಲೆಯಲ್ಲಿ ಆ ನಗೆ ಮೂಡಿತು. ಈಗ ಅಳಿಯನ ಕತೆ ಹೇಳಿ ಎಲ್ಲರನ್ನೂ ನಗಿಸುತ್ತಾನೆ ಎಂದು ನನಗೆ ಗೊತ್ತಾಯಿತು. ಚಹಾದ ತಾಟು ಹಿಡಿದು ನಿಂತಿದ್ದೆ. "ಬ್ಯಾಂಕಿನಾಗ ನೌಕರಿಗೆ ಹತ್ತ್ಯಾನ್ರಿ, ಈಗಿತ್ತಲಾಗ" ಅಂದುಬಿಟ್ಟೆ.

ತಮ್ಮ ನನ್ನ ಕಡೆ ನೋಡಿದ. ಆಮೇಲೆ ಒಂದು ಇಡೀ ಶೇಂಗಾ ಉಂಡಿ ಬಾಯಿಗೆ ಹಾಕಿಕೊಂಡ, ಬಾಯಿ ತುಂಬಿದ್ದರೆ ಮಾತಾಡುವ ಕೆಲಸವಿಲ್ಲ ಎಂಬಂತೆ.

"ಅಯ್ಯ ಶಿವನ, ನಮಗ ಹೇಳೇ ಇಲ್ಲಲ್ಲವಾ!" ಎಂದು ಅತ್ತೆ ಇನ್ನೊಮ್ಮೆ ಚಹಾ ಮಾಡಲು ಹೇಳಿದರು, ಈ ಸಲ ಹಾಲು ಜಾಸ್ತಿ ಹಾಕಿ. ನಾದಿನಿಯ ಗಂಡ ತಾವು ಒರಗಿದ್ದ ಲೋಡುದಿಂಬು ತೆಗೆದು ನನ್ನ ತಮ್ಮನ ಕಡೆ ಸರಿಸಿದರು. "ಅಂಗಡಿ ಮ್ಯಾಲ ಒಂದು ಸಾಲ ಬೇಕಾಗಿತ್ತು, ನಿಮ್ಮ ಕಿವಿ ಮ್ಯಾಲ ಹಾಕಿರ್ತೀನಿ" ಎಂದು ದನಿ ಇಳಿಸಿದರು. ಸುದ್ದಿ ಗೋಡೆ ದಾಟಿತು. ಬಾಜೂ ಮನೆಯ ಚಾಚಾ ಪಾಸ್‌ಬುಕ್ ಹಿಡಿದುಕೊಂಡೇ ಬಂದರು.

"ಸಾಹೇಬ್ರ, ನನ್ನ ಹೆಬ್ಬೆಟ್ಟು ನಿಮ್ಮ ಮಷೀನು ಹಿಡೀವಲ್ದು. ನೀನು ನೀನಲ್ಲ ಅಂತೈತಿ. ನಾನು ನಾನ ಅದೀನಿ ಅಂತ ಅದಕ್ಕ ಸ್ವಲ್ಪ ಹೇಳ್ರಿ."

ತಮ್ಮ ಉಂಡಿ ನುಂಗಿ, "ಹೇಳಬಹುದು ಚಾಚಾ, ಅದು ನನ್ನ ಮಾತೂ ಕೇಳಬೇಕಲ್ಲ" ಅಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆಗ ಅವನ ಫೋನು ಬಡಿಯಿತು. ಅದರ ಕಿವಿಗಿಟ್ಟು ಕೇಳುವ ಸ್ಪೀಕರು ಕೆಟ್ಟಿತ್ತು, ಎಲ್ಲರಿಗೂ ಕೇಳುವ ಹಾಗೆಯೇ ಮಾತಾಡಬೇಕು. ಆ ಕಡೆ ಅವ್ವ. ಅವ್ವನೋ, ಫೋನಿನ ಮೇಲೆ ಭರವಸೆಯಿಲ್ಲದೆ ತನ್ನ ದನಿ ತಾನೇ ಮೊರಬ ಮುಟ್ಟಬೇಕು ಎಂಬಂತೆ ಕೂಗುವವಳು.

"ಮುಟ್ಟಿದ್ಯೇನೋ? ಅಕ್ಕ ಹೊಂಟಾಳೇನು? ಲೇ, ಈ ತಿಂಗಳ ನೌಕರಿ ಇಲ್ಲಂತ ಒತ್ತಿದ್ಯೋ ಇಲ್ಲೋ? ಹಿಂದಕ್ಕೊಮ್ಮಿ ಮರತು ಭತ್ಯೆ ನಿಂತಿತ್ತು. ನೆನಪ್ಲೆ ಒತ್ತಪಾ, ನಿರುದ್ಯೋಗಿ ಅಂತ!"

ಭತ್ಯೆ ಬೇಕಾದರೆ ತನಗಿನ್ನೂ ಕೆಲಸ ಸಿಕ್ಕಿಲ್ಲ ಎಂದು ಮೊಬೈಲಿನಲ್ಲಿ ಆಗಾಗ ಒತ್ತಿ ಹೇಳಬೇಕು. ಅದು ಅವ್ವನಿಗೆ ನಾಗಪ್ಪನ ಹಾಲಿಗಿಂತ ದೊಡ್ಡ ನೇಮ.

ಚಾಚಾ ಮೆಲ್ಲಗೆ ಪಾಸ್‌ಬುಕ್ ಮಡಚಿದರು. ನಾದಿನಿಯ ಗಂಡ ಮೊದಲು ನಕ್ಕರು. "ಹಂಗಂದ್ರ ಬ್ಯಾಂಕಿನಾಗ ಅದೀರಿ, ಖರೆ. ಆದ್ರ ಕೌಂಟರಿನ ಈಚಿ ಕಡೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅತ್ತೆ ಒಬ್ಬರೇ ನಗಲಿಲ್ಲ. "ಅಲ್ಲವಾ, ಬ್ಯಾಂಕು ಅಂತ ನೀನ ಅಂದೆಲ್ಲ?" ಎಂದು ಕೇಳಿದರು.

ಅಲ್ಲಿ ನಿಂತು "ಹೌದ್ರಿ, ನಾನ ಅಂದೆ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ. "ನನಗೂ ಹಂಗ ಹೇಳಿದ್ದನ್ರಿ ಅತ್ತೀ, ಅವಾ."

ತಮ್ಮ ಒಂದು ಗಳಿಗೆಯೂ ತಡೆಯಲಿಲ್ಲ. "ಹೌದ್ರಿ. ಅಕ್ಕಗ ಖುಷಿ ಆಗಲಿ ಅಂತ ನಾನ ಹೇಳಿದ್ದೆ" ಅಂದ. ಲೋಡನ್ನು ಎತ್ತಿ ಮತ್ತೆ ನಾದಿನಿಯ ಗಂಡನ ಬೆನ್ನಿಗೆ ಇಟ್ಟ.

ಬಸ್ಸಿನಲ್ಲಿ ನನ್ನದು ಪುಕ್ಕಟೆ ಟಿಕೇಟು, ಅವನದು ದುಡ್ಡು ಕೊಟ್ಟದ್ದು. "ನೋಡ್ ಬೇ ಅಕ್ಕಾ, ನೀ ಸರಕಾರದ ಮಗಳ, ಅದಕ್ಕ ಪುಕ್ಕಟ. ನಾ ಅಳಿಯ, ಅದಕ್ಕ ವಸೂಲಿ" ಎಂದು ಕಂಡಕ್ಟರನನ್ನೂ ನಗಿಸಿದ. ಹುಬ್ಬಳ್ಳಿ ದಾಟಿದ ಮೇಲೆ ಕಿಟಕಿಯ ಹೊರಗೆ ನೋಡುತ್ತ ಅಂದ: "ನಾ ಹೇಳಾಂವ ಇದ್ದೆ ಅಕ್ಕಾ. ಛಂದ ಮಾಡಿ, ನಗಿಸಿ ಹೇಳಾಂವ ಇದ್ದೆ. ನೀ ಬಿಡಲಿಲ್ಲ." ಮತ್ತೆ ಆ ಮಾತು ಎತ್ತಲಿಲ್ಲ.

ವರ್ಷವಿಡೀ ಮೊರಬದ ಮನೆಯಲ್ಲಿ ಅವನ ಹೆಸರು ಮ್ಯಾನೇಜರ. ಅದನ್ನು ಕೇಳಿ ಕೇಳಿ ನಾನು ಸುಮ್ಮನಿದ್ದೆ. ದೀಪಾವಳಿಯ ಹೊತ್ತಿಗೆ ಕಲಘಟಗಿ ಕಡೆಯ ಒಬ್ಬರು ತಮ್ಮ ಮಗಳಿಗೆ ಅವನನ್ನು ಕೇಳಬೇಕೆಂದು ನಾದಿನಿಯ ಗಂಡನ ಹತ್ತಿರ ವಿಚಾರಿಸಿದರಂತೆ. "ನೌಕರಿ ಇಲ್ಲ ಅಂದ್ರ ನಡದೀತು, ಇವತ್ತಿಲ್ಲ ನಾಳೆ ಹತ್ತತದ. ಆದ್ರ ಹುಡುಗ ಸುಳ್ಳು ಹೇಳತಾನ" ಎಂದರಂತೆ ನಾದಿನಿಯ ಗಂಡ. ಅವರು ತಪ್ಪು ಹೇಳಲಿಲ್ಲ. ತಮಗೆ ಗೊತ್ತಿದ್ದದ್ದನ್ನು ಹೇಳಿದರು. ಗೊತ್ತು ಮಾಡಿಕೊಟ್ಟವಳು ನಾನು.

ಈ ವರ್ಷ ಪಂಚಮಿ ಬಂತು, ತಮ್ಮ ಬರಲಿಲ್ಲ. ಫೋನು ಮಾಡಿದರೆ, "ನನಗ ಹೆಸರುಕಾಯಿ ಬಿಡಸೂದೈತಿ ಬೇ. ಪುಕ್ಕಟ ಬಸ್ಸೈತೆಲ್ಲ, ನೀನ ಬಾ" ಎಂದು ನಕ್ಕ. ಓಣಿಯ ಸೊಸೆಯರೆಲ್ಲ ಅಣ್ಣತಮ್ಮಂದಿರ ಹಿಂದೆ ಚೀಲ ಹಿಡಿದು ಹೊರಟರು. ನಾನು ಕಟ್ಟೆಯ ಮೇಲೆ ಕುಳಿತು ರಸ್ತೆ ನೋಡಿದೆ. ಕರೆಯಲು ಯಾರೂ ಬಾರದೆ ಹೇಗೆ ಹೋಗುವುದು?

ಅತ್ತೆ ಒಂದು ಡಬ್ಬಿ ತಂದು ತೊಡೆಯ ಮೇಲಿಟ್ಟರು. "ಪ್ರತೀ ವರ್ಷ ಅವನ ಬರಬೇಕು ಅಂತ ಯಾರ್ ಬರದಾರ? ಈ ಸಲ ನೀ ಹೋಗಿ ಅವನ್ನ ಕರಕೊಂಡ ಬಾ. ಈ ಉಂಡಿ ನಿನ್ನ ಬ್ಯಾಂಕಿನವಗ." ಒಳಗೆ ಹೋಗುತ್ತ ತಿರುಗಿ ಅಂದರು: "ಸುಳ್ಳು ಹೇಳಿ ಸಿಕ್ಕಾಂವ ಲೋಡು ಎತ್ತಿ ಹಂಗ ವಾಪಸ್ ಕೊಡಾಂಗಿಲ್ಲವಾ. ನಾನೂ ಒಂದಿಷ್ಟು ಮಂದಿ ಕಂಡೀನಿ."

ನಾನು ಒಬ್ಬಳೇ ಬಸ್ಸು ಹತ್ತಿದೆ.

ಯರಗುಪ್ಪಿಯಲ್ಲಿ ನಾಗಪ್ಪನಿಗೆ ಹಾಲೆರೆದೆವು. ಕೊಬ್ಬರಿ ಬಟ್ಟಲಿಂದ ಹಾಲು ಹಾಕುತ್ತ ಒಬ್ಬೊಬ್ಬರ ಪಾಲು ಹೇಳಬೇಕು. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು. ತಮ್ಮನ ಪಾಲು ಎನ್ನುವಾಗ ನನ್ನ ಕೈ ನಿಂತಿತು.

"ಹಾಕ್ ಬೇ, ನನ್ನ ಪಾಲಿಗೆ ಯಾಕ ವಿಚಾರ ಮಾಡ್ತಿ?" ಎಂದ ಹಿಂದಿನಿಂದ. "ಹಂಗ ಸರಕಾರದ ಪಾಲೂ ಒಂದಿಷ್ಟು ಹಾಕು. ತಿಂಗಳಾ ಅದು ನನಗ ಹಾಕತೈತಿ."

ಅವ್ವ ಅವನ ಬೆನ್ನಿಗೊಂದು ಗುದ್ದಿದಳು. ಗುದ್ದಿ ತಾನೂ ನಕ್ಕಳು.

ಮಧ್ಯಾಹ್ನ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯಲ್ಲಿ ಕುಳಿತೆ. ತಮ್ಮ ನೂಕುತ್ತಿದ್ದ. ಮುಖ ಕಾಣದಿದ್ದರೆ ಹೇಳುವುದು ಸುಲಭ ಎಂದುಕೊಂಡು ಮಾತೆತ್ತಿದೆ. "ನಾ ನಿನ್ನ ಕರ್ಯಾಕ ಬಂದೀನೋ. ಮೊರಬಕ್ಕ ಬಾ."

"ಅಕ್ಕ ತಮ್ಮನ್ನ ಕರ್ಯಾಕ ಬಂದದ್ದು ಎಲ್ಲೂ ಕೇಳಿಲ್ಲಲ್ಲ! ಮತ್ತ ಕಳಸೂ ಮುಂದ ನನಗ ಜಂಪರ್ ಪೀಸು ಕೊಡ್ತಿ ಏನು?"

"ಸೀರಿನ ಕೊಡ್ತೀನಿ, ಬಾ."

ಅವನು ಜೋರಾಗಿ ನೂಕಿದ. ಹೆಸರಿನ ಹೊಲ, ಅದರಾಚೆಯ ಕರಿ ನೆಲ, ಎಲ್ಲ ಒಮ್ಮೆ ಕೆಳಗಿಳಿದು ಮೇಲೆ ಬಂದವು. ಮರಳಿ ಬಂದಾಗ ಹಗ್ಗ ಹಿಡಿದು ನಿಲ್ಲಿಸಿದ. ಅವನ ದನಿಯಲ್ಲಿ ನಗೆ ಇರಲಿಲ್ಲ.

"ನಾ ಅಲ್ಲಿಗೆ ಬರಾಂಗಿಲ್ಲ ಅಕ್ಕಾ. ನಿರುದ್ಯೋಗಿ ಅಂತ ನನ್ನ ಕೈಲೆ ನಾನ ಒತ್ತತೀನಿ. ಅದು ಖರೆ ಐತಿ, ಅದಕ್ಕ ನನಗ ನಾಚಿಕಿಲ್ಲ. ಅಳಿಯ ಅಂತಾರ, ಅನ್ಲಿ. ಸುಳ್ಳುಗಾರ ಅನ್ನೂದು ಮಾತ್ರ ನಾ ಒತ್ತಿಲ್ಲ."

ಅಲ್ಲಿಯೇ ಅವನಿಗೆ "ತಪ್ಪಾತು" ಎನ್ನಬಹುದಿತ್ತು. ಅವನು "ಬಿಡು" ಎಂದು ಮತ್ತೆ ನೂಕುತ್ತಿದ್ದ, ನಾನು ಹಗುರಾಗಿ ಮನೆಗೆ ಹೋಗುತ್ತಿದ್ದೆ. ಆದರೆ ಅವನನ್ನು ಸುಳ್ಳುಗಾರ ಎಂದುಕೊಂಡವರು ಇರುವುದು ಮೊರಬದ ಪಡಸಾಲೆಯಲ್ಲಿ. ಬೇವಿನ ಗಿಡದ ಮುಂದೆ ಒಪ್ಪಿಕೊಂಡರೆ ಅವರಿಗೆ ಗೊತ್ತಾಗುವುದು ಹೇಗೆ? "ಒಮ್ಮಿ ಬಾ" ಅಂದೆ. "ಈ ಸಲ ನೀ ಬಾಯಾಗ ಉಂಡಿ ಇಟಗೊಂಡು ಕುಂದರು. ಮಾತು ನಾ ಆಡ್ತೀನಿ."

ಅವನು ಹಗ್ಗ ಬಿಟ್ಟು ನನ್ನ ಮುಂದೆ ಬಂದ. "ಯಾವ ಉಂಡಿ?" ಎಂದು ಕೇಳಿದ.

"ಅತ್ತಿ ಮಾಡಿದ ಶೇಂಗಾದ್ದು."

"ಹಂಗಾರ ಬರ್ತೀನಿ."

ಹಬ್ಬ ಮುಗಿಸಿ ಮೊರಬದಲ್ಲಿ ಇಳಿದಾಗ ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಮುಂದೆ ನಾನು, ಹಿಂದೆ ಚೀಲ ಹೊತ್ತ ತಮ್ಮ, ತವರಿಗೆ ಹೊರಟ ಹೆಣ್ಣುಮಗಳ ಹಾಗೆ ತಲೆ ತಗ್ಗಿಸಿ ನಾಚಿಕೊಂಡವನಂತೆ ನಟಿಸುತ್ತ. ನಾದಿನಿಯನ್ನು ಮರಳಿ ಕರೆದೊಯ್ಯಲು ಅವಳ ಗಂಡ ಬಂದು ಪಡಸಾಲೆಯಲ್ಲಿ ಅದೇ ಲೋಡಿಗೆ ಒರಗಿ ಕುಳಿತಿದ್ದರು. ನನ್ನ ಗಂಡನೂ ಅಂದು ಮನೆಯಲ್ಲಿದ್ದರು.

"ಬರ್ರಿ ಮ್ಯಾನೇಜರ! ನನ್ನ ಸಾಲ ಮಂಜೂರ್ ಆತೇನ್ರಿ?"

ಎಲ್ಲರೂ ನಕ್ಕರು. ಅತ್ತೆ ಉಂಡಿಯ ತಾಟು ತಂದು ತಮ್ಮನ ಮುಂದೆ ಇಟ್ಟರು. ಅವನು ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ನನ್ನ ಕಡೆ ನೋಡಿದ. ನನ್ನ ಕೈಯಲ್ಲಿ ಈ ಸಲ ಚಹಾದ ತಾಟು ಇರಲಿಲ್ಲ, ಕೈ ಎಲ್ಲಿಡಬೇಕೋ ತಿಳಿಯದೆ ಸೆರಗು ಹಿಡಿದುಕೊಂಡೆ. ಮೆಲ್ಲಗೆ ಹೇಳಬೇಕೆಂದುಕೊಂಡಿದ್ದೆ. ಬಾಯಿ ತೆರೆದರೆ ಅವ್ವನ ಫೋನಿನ ದನಿಯೇ ಬಂತು. ಗೋಡೆಯಾಚೆ ಚಾಚಾನ ಟೊಪ್ಪಿಗೆ ಮೇಲೆದ್ದಿತು.

"ನಗಬ್ಯಾಡ್ರಿ, ಕೇಳ್ರಿ. ಬ್ಯಾಂಕು ಅಂದಾಕಿ ನಾನ. ಅವ ನನಗ ಹಂಗ ಹೇಳೇ ಇದ್ದಿಲ್ಲ. ಭತ್ಯೆ ತೊಗೋತಾನ ಅನ್ನಾಕ ನಾಚಿಕಿ ನನಗ ಬಂದಿತ್ತು, ಅವಗಲ್ಲ. ಸಿಕ್ಕಿಬಿದ್ದ ಮ್ಯಾಲ ಅದನ್ನೂ ಅವನ ತಲಿ ಮ್ಯಾಲ ಹಾಕಿದೆ. ಹೆಣ್ಣು ಕೊಡಾಕ ವಿಚಾರಿಸಿದ್ದ ಕಲಘಟಗಿಯವ್ರಿಗೂ ಇದನ್ನ ಹೇಳ್ರಿ, ಸುಳ್ಳು ಹೇಳಿದಾಕಿ ಅವನ ಅಕ್ಕ ಅಂತ. ತಪ್ಪಾತೋ ತಮ್ಮಾ. ನಿನ್ನ ಬಗಲಾಗ ಹೊತ್ತು ಬೆಳಸಿದಾಕಿ, ಅವತ್ತ ನಾಕ ಮಂದಿ ಮುಂದ ಕೆಳಗ ಒಗದುಬಿಟ್ಟೆ. ತಪ್ಪಾತು."