ವೈನಿಯ ಢೋಲಕಿ

ಎರಡು ಮರದ ಕಡ್ಡಿಗಳು. ಬೆರಳಿಗಿಂತ ತುಸು ದಪ್ಪ, ತುದಿ ಗುಂಡಗೆ. ಟಿವಿಯೊಳಗಿನ ಚಿತ್ರದ ಹುಡುಗನೊಬ್ಬ ಅವನ್ನು ಹಿಡಿದು ಡ್ರಮ್ಮಿನ ಅಂಚಿನ ಮೇಲೆ ಮೆಲ್ಲಗೆ ಟಕ್ಕು ಟಕ್ಕು ಅನ್ನಿಸಿದ. ನಾನು ಮೆಂತ್ಯೆ ಪಲ್ಲೆ ಸೋಸುತ್ತ ಕೂತಿದ್ದೆ. ಕೈ ಬುಟ್ಟಿಯೊಳಗೇ ನಿಂತುಬಿಟ್ಟಿತು.

ಬೆಳಗಾವಿಯಲ್ಲಿ ಓದುವ ಮಗಳು ರಜೆಗೆಂದು ಚಿಕ್ಕೋಡಿಗೆ ಬಂದಿದ್ದಳು. ಬಂದವಳೇ ಯಾವುದೋ ಜಪಾನಿನ ಕಾರ್ಟೂನ್ ಸರಣಿ ಹಚ್ಚಿ, ನೀನೂ ನೋಡು ಎಂದು ಗಂಟುಬಿದ್ದಳು. ಈ ವಯಸ್ಸಿನಲ್ಲಿ ಕಾರ್ಟೂನೇ ಎಂದು ಮೂಗು ಮುರಿದೆ. ಮುಖಕ್ಕಿಂತ ದೊಡ್ಡ ಕಣ್ಣಿನ ಹುಡುಗರು, ಗಾಳಿ ಇಲ್ಲದಿದ್ದರೂ ಹಾರುವ ಕೂದಲು. ಕಥೆ ಮಾತ್ರ ಸರಳ. ಸ್ಥಿತಿವಂತರ ಮನೆಯ ಅಂಜುಬುರುಕ ಹುಡುಗನೊಬ್ಬ ಪಿಯಾನೋ ನುಡಿಸುತ್ತಾನೆ, ಪುಸ್ತಕದಲ್ಲಿ ಬರೆದಿಟ್ಟಂತೆ, ಒಂದಕ್ಷರ ಅತ್ತಿತ್ತ ಆಗದಂತೆ. ಇನ್ನೊಬ್ಬ ಪುಂಡ, ಡ್ರಮ್ ಬಾರಿಸುತ್ತಾನೆ. ಇಬ್ಬರಿಗೂ ಗೆಳೆತನ.

"ಇದು ಬರದಿಟ್ಟದ್ದನ್ನ ನುಡಸೂದಲ್ಲವ್ವಾ," ಎಂದು ಮಗಳು ತಿಳಿಸಿ ಹೇಳಿದಳು. "ಒಬ್ಬಾಂವ ಏನರ ಅಂತಾನ, ಇನ್ನೊಬ್ಬಾಂವ ಅಲ್ಲೇ ಅದಕ್ಕ ಉತ್ತರಾ ಕೊಡ್ತಾನ. ಇದಕ್ಕ ಜಾಝ್ ಅಂತಾರ."

ಹೆಸರು ನನಗೆ ಗೊತ್ತಿರಲಿಲ್ಲ. ಆದರೆ ಆ ಸಂಗತಿಯನ್ನು ಜಪಾನಿನವರಿಂದ ಕಲಿಯಬೇಕಾದ ಗರಜು ನನಗಿರಲಿಲ್ಲ. ಎರಡನೆಯ ಕಂತಿನಲ್ಲೋ ಮೂರನೆಯದರಲ್ಲೋ ಆ ಹುಡುಗರು ಜಗಳಾಡಿದರು. ಮಾತು ಬಿಟ್ಟರು. ಆಮೇಲೆ ಒಂದು ದಿನ ಒಬ್ಬ ಪಿಯಾನೋ ಮುಂದೆ ಕೂತ, ಇನ್ನೊಬ್ಬ ಕಡ್ಡಿ ಹಿಡಿದ, ಒಂದು ಮಾತೂ ಆಡದೆ ಎಲ್ಲ ಸರಿಹೋಯಿತು. ಮಗಳು ಕಣ್ಣೊರೆಸಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. "ಎಲ್ಲಾ ಸುಳ್ಳ. ಬಂದ್ ಮಾಡು," ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ನಾನು ಹುಟ್ಟಿ ಬೆಳೆದದ್ದು ನಿಪ್ಪಾಣಿಯಲ್ಲಿ. ಎಂಬತ್ತರ ದಶಕದ ನಡುವಿನ ಮಾತು, ಆಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮದೂ ಪಕ್ಕದವರದೂ ತಂಬಾಕಿನ ವ್ಯಾಪಾರ. ಎರಡೂ ಜೈನರ ಮನೆ, ಎರಡಕ್ಕೂ ನಡುವೆ ಒಂದೇ ಗೋಡೆ. ಪಕ್ಕದ ಮನೆಗೆ ರಾಯಬಾಗ ಕಡೆಯ ಅಲಖನೂರಿನಿಂದ ಸೊಸೆಯಾಗಿ ಬಂದವಳೇ ವೈನಿ. ವೈನಿ ಅಂದರೆ ಅತ್ತಿಗೆ. ಓಣಿಯ ಹುಡುಗರಿಗೆಲ್ಲ ಅವಳು ವೈನಿಯೇ, ಹೆಸರು ಹಿಡಿದು ಕರೆದವರನ್ನು ನಾನು ಕಾಣೆ.

ವೈನಿಯ ಅತ್ತೆಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಆಯಿ ಮುನಿಮಹಾರಾಜರ ಎದುರು ವ್ರತ ಹಿಡಿದಿದ್ದಳು. ಚರ್ಮದ ವಸ್ತು ಮನೆಯ ಹೊಸ್ತಿಲು ದಾಟಕೂಡದು. ಚಪ್ಪಲಿ ಸರಿ, ಅದು ಎಲ್ಲರ ಮನೆಯಲ್ಲೂ ಹೊರಗೇ. ಆ ಮನೆಯ ಗಂಡಸರು ಸೊಂಟದ ಬೆಲ್ಟನ್ನೂ ಬಾಗಿಲ ಹೊರಗಿನ ಮೊಳೆಗೆ ಸಿಕ್ಕಿಸಿ ಒಳಗೆ ಬರುತ್ತಿದ್ದರು. ಬೀಗರು ಬಂದರೆ ಆಯಿಯ ಕಣ್ಣು ಮೊದಲು ಹೋಗುತ್ತಿದ್ದದ್ದು ಅವರ ಕೈಗಡಿಯಾರದ ಪಟ್ಟಿಯ ಮೇಲೆ. ವೈನಿ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು, "ನಮ್ಮ ಮನ್ಯಾಗ ಚರ್ಮ ಅಂದ್ರ ನಮ್ಮ ಮೈಮ್ಯಾಲ ಐತಲ್ಲ, ಅಷ್ಟ ನೋಡ ತಂಗಿ."

ಅವಳ ತವರಿನಲ್ಲಿ ಇಷ್ಟು ಬಿಗಿ ಇರಲಿಲ್ಲ. ಅವಳಪ್ಪ ಊರಿನ ಭಜನೆಯಲ್ಲಿ ಢೋಲಕಿ ಬಾರಿಸುವವ. ಢೋಲಕಿ ಮನೆಯೊಳಗೆ ಬೇಡ ಎಂದು ದನದ ಕೊಟ್ಟಿಗೆಯಲ್ಲಿ ತೂಗುಹಾಕಿರುತ್ತಿದ್ದನಂತೆ. ಹಾಲು ಕರೆಯಲು ಹೋದ ಮಗಳು ಅಲ್ಲೇ ಕಲಿತಳು. ಎಮ್ಮೆಗಳು ಬೇಸರ ಮಾಡಿಕೊಳ್ಳದೆ ಕೇಳುತ್ತಿದ್ದವು ಎಂದು ನಗುತ್ತಿದ್ದಳು.

ನಮ್ಮ ಮನೆಯಲ್ಲಿ ಒಂದು ಹಾರ್ಮೋನಿಯಂ ಇತ್ತು. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತಾರೆ. ನನ್ನವ್ವ ಓಣಿಯ ಹೆಣ್ಣುಮಕ್ಕಳ ಭಜನಾ ಮಂಡಳದ ಮುಖ್ಯಸ್ಥೆ, ಹಾಗಾಗಿ ಪೇಟಿ ಕಲಿಯುವ ಕೆಲಸ ನನ್ನ ತಲೆಗೆ ಬಂತು. ಮಧ್ಯಾಹ್ನದ ಹೊತ್ತು ಗೋಡೆಗೆ ಬೆನ್ನುಕೊಟ್ಟು ಅದೇ ಭಜನೆಗಳನ್ನು ಅರೆಯುತ್ತಿದ್ದೆ. ಒಂದು ದಿನ ನಾನು ಸಾಲು ಮುಗಿಸುತ್ತಲೇ ಗೋಡೆಯ ಆಚೆಯಿಂದ ಡಬ್ಬಿಯ ಸದ್ದು ಬಂತು. ಖಾಲಿ ಎಣ್ಣೆ ಡಬ್ಬಿ... ಮೊದಲು ಯಾರೋ ಡಬ್ಬಿ ತೊಳೆಯುತ್ತಿದ್ದಾರೆ ಅಂದುಕೊಂಡೆ. ಸಾಲನ್ನು ಇನ್ನೊಮ್ಮೆ ನುಡಿಸಿದೆ. ಆ ಸದ್ದು ನನ್ನ ಸಾಲನ್ನೇ ತಿರುಗಿಸಿ, ತುಸು ಮುರಿದು, ಕೊನೆಗೆ ಒಂದು ತುಂಟತನ ಸೇರಿಸಿ ವಾಪಸ್ ಕೊಟ್ಟಿತು. ನನಗೆ ನಗು ಬಂತು. ನಾನೂ ಒಂದು ಸ್ವರ ಬದಲಿಸಿ ನುಡಿಸಿದೆ. ಅದಕ್ಕೂ ಉತ್ತರ ಬಂತು.

ಆಮೇಲೆ ಆಯಿ ಮಲಗಿದ ಹೊತ್ತು ನೋಡಿ ವೈನಿ ನಮ್ಮ ಮನೆಗೇ ಬರತೊಡಗಿದಳು. ಡಬ್ಬಿ, ಹಿಟ್ಟು ನಾದುವ ಪರಾತ, ಕೊಡ, ಕೈಗೆ ಸಿಕ್ಕದ್ದು. "ಕಲಿಸಿದ್ದನ್ನ ಒಪ್ಪಸಬ್ಯಾಡ ತಂಗಿ. ನಂಗ ಏನರ ಕೇಳು," ಎನ್ನುತ್ತಿದ್ದಳು. ಹೇಗೆ ಕೇಳುವುದು ಎಂದು ನನಗೆ ಗೊತ್ತಿರಲಿಲ್ಲ. ತಪ್ಪು ಸ್ವರ ಬಿದ್ದರೆ ನಾನು ನಿಲ್ಲಿಸುತ್ತಿದ್ದೆ, ಅವಳು ನಿಲ್ಲಿಸಗೊಡುತ್ತಿರಲಿಲ್ಲ. ಆ ತಪ್ಪನ್ನೇ ಎತ್ತಿಕೊಂಡು ಆಡಿಸಿ, ಅದು ಬೇಕೆಂದೇ ಹಾಕಿದ್ದು ಅನ್ನುವ ಹಾಗೆ ಮಾಡುತ್ತಿದ್ದಳು. ನನ್ನ ಜೀವನದಲ್ಲಿ ನಾನು ಅಷ್ಟು ಸುಖವಾಗಿ ಮತ್ತೆ ಯಾರ ಜೊತೆಗೂ ಕೂತಿಲ್ಲ. ಮದುವೆಯಾದ ಮೇಲೂ ಇಲ್ಲ, ಹೇಳಲು ನಾಚಿಕೆಯೇನು.

ಆ ವರ್ಷ ಪರ್ಯೂಷಣ ಹಬ್ಬಕ್ಕೆ ಬೋರಗಾಂವದಲ್ಲಿ ಹೆಣ್ಣುಮಕ್ಕಳ ಭಜನೆ ಸ್ಪರ್ಧೆ ಇಟ್ಟರು. ನಮ್ಮ ಮಂಡಳದಲ್ಲಿ ತಾಳಕ್ಕೆ ಯಾರೂ ಇರಲಿಲ್ಲ. ವೈನಿಯ ಹೆಸರನ್ನು ನಾನೇ ಎತ್ತಿದೆ. ಅವಳ ಮುಖ ನೋಡಬೇಕಿತ್ತು... "ಒಮ್ಮೆರ ಮಂದಿ ಮುಂದ ಕುಂತು ಬಾರಸಬೇಕ ತಂಗಿ. ಒಮ್ಮೆ ಸಾಕು," ಎಂದಳು. ಅವಳು ಬಾಯಿಬಿಟ್ಟು ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸೀರೆ ಕೇಳಿದವಳಲ್ಲ, ತವರಿಗೆ ಕಳಿಸಿ ಎಂದವಳಲ್ಲ.

ಆಯಿ ಮೊದಲು ಒಲ್ಲೆ ಎಂದಳು. ನನ್ನವ್ವ ಹೋಗಿ ಮಾತಾಡಿದ ಮೇಲೆ, ಚರ್ಮ ಇರದಿದ್ದರೆ ಆಗಲಿ ಎಂದಳು. ವೈನಿಯ ಅಣ್ಣ ಮಿರಜಿಗೆ ಹೋಗಿ ಪ್ಲಾಸ್ಟಿಕ್ ಹೊದಿಕೆಯ ಢೋಲಕಿ ತಂದುಕೊಟ್ಟ. ಮರದ ಕೊಳವೆ, ಕಬ್ಬಿಣದ ಬಳೆ, ಎರಡು ಬದಿಗೂ ಬಿಳಿ ಪ್ಲಾಸ್ಟಿಕ್, ಒಂದು ಬದಿಯ ಒಳಗೆ ದನಿ ದಪ್ಪವಾಗಲೆಂದು ಕಪ್ಪು ಮಸಾಲೆ ಬಳಿದಿದ್ದರು. ಆಯಿ ಅದನ್ನು ಮೂಸಿ ನೋಡಿ ಒಳಗೆ ಬಿಟ್ಟಳು. ಮೊದಲ ದಿನ ಅದರ ದನಿ ಬಕೆಟ್ಟಿನ ಹಾಗಿತ್ತು. ವೈನಿ ನಟ್ಟು ಬಿಗಿದು, ಸಡಿಲಿಸಿ, ಮತ್ತೆ ಬಿಗಿದು ಅದನ್ನು ಮಾತಿಗೆ ತಂದಳು. ತಾಲೀಮು ಶುರುವಾಯಿತು. ಭಜನೆಯ ಹೆಣ್ಣುಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಆಯಿಯೂ ಕಂಬಕ್ಕೊರಗಿ ಕೂತು ತೊಡೆಯ ಮೇಲೆ ಬೆರಳಾಡಿಸುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಸ್ಪರ್ಧೆ ಹತ್ತಿರ ಬಂದಾಗ ನಮ್ಮ ಪೇಟಿಗೆ ಗಾಳಿ ಊದುವ ತಿದಿ ಸೋರತೊಡಗಿತು. ರಿಪೇರಿಯವನನ್ನು ಕೊಲ್ಹಾಪುರದಿಂದ ಕರೆಸಿದರು. ಅವನು ನಮ್ಮ ಪಡಸಾಲೆಯಲ್ಲಿ ಪೇಟಿ ಬಿಚ್ಚಿಕೊಂಡು ಕೂತ. ತಾಲೀಮಿಗೆ ಬಂದವರೆಲ್ಲ ಸುತ್ತ ಇದ್ದರು, ಆಯಿಯೂ ಇದ್ದಳು. ಅವನು ತಿದಿಯ ಮಡಿಕೆಯ ಮೂಲೆಯಿಂದ ಹರಿದ ಪಟ್ಟಿಯೊಂದನ್ನು ಕಿತ್ತು ನೆಲಕ್ಕೆ ಹಾಕಿ, ಚೀಲದಿಂದ ಅಂಥದೇ ಹೊಸ ಪಟ್ಟಿ ತೆಗೆದ. ತೆಳ್ಳಗೆ, ಮೆತ್ತಗೆ, ಕಂದು ಬಣ್ಣ. ಅದೇನು ಎಂದು ಆಯಿ ಕೇಳಿದಳು.

"ಚಾಮಡಂಚ ಅಸತಂಯ ಕೀ ಆಜೀ, ಸಗಳ್ಯಾ ಪೇಟೀತ," ಎಂದ ಅವನು, ತಲೆ ಎತ್ತದೆ. ಎಲ್ಲ ಪೇಟಿಯಲ್ಲೂ ಇರುವುದು ಚರ್ಮವೇ ಅಜ್ಜಿ, ಎಂದು.

ಆ ಪೇಟಿ ಬಸದಿಯ ಅಂಗಳಕ್ಕೆ ಹೋಗಿ ಬಂದಿತ್ತು, ಆಯಿಯ ಮನೆಯಲ್ಲಿ ಪೂಜೆಯ ದಿನ ದೇವರ ಎದುರಿಗೇ ಇತ್ತು. ಆಯಿಯ ಮುಖ ಬಿಳಿಚಿತು. ನನ್ನವ್ವ ಮೊದಲು ಎಚ್ಚೆತ್ತಳು. "ಅದನ್ನ ತಗದು ರೆಕ್ಸಿನ್ ಹಚ್ಚು. ಗಾಳಿ ಸೋರದಿದ್ರ ಸಾಕು," ಎಂದಳು. ಅವನು ಸೋರುತ್ತಿದ್ದ ಮೂಲೆಗೆ ರೆಕ್ಸಿನ್ ಹಚ್ಚಿದ. ಉಳಿದ ಮೂಲೆಗಳ ಮಾತನ್ನು ಅವನೂ ಎತ್ತಲಿಲ್ಲ, ನನ್ನವ್ವನೂ ಎತ್ತಲಿಲ್ಲ. ಪೇಟಿ ನಮ್ಮದು, ನಮ್ಮವ್ವ ಮಂಡಳದ ಹಿರಿಯಳು. ಆಯಿ ನಮ್ಮ ಮನೆಯಲ್ಲಿ ಕೂತು ನಮಗೆ ಏನು ಹೇಳಿಯಾಳು?

ಅವಳು ಹೇಳಬಹುದಾದವಳು ಒಬ್ಬಳೇ ಇದ್ದಳು, ಸೊಸೆ. ಆಯಿ ಮನೆಗೆ ಹೋದವಳೇ ಢೋಲಕಿಯನ್ನು ಹೊರಗೆ ತರಿಸಿದಳು. ನಾವೆಲ್ಲ ಅಂಗಳದಲ್ಲಿ ನಿಂತಿದ್ದೆವು. "ಒಳಗ ಕರೇದೇನೋ ಬಳದಾರಲ್ಲ, ಅದು ಏನ ಐತಿ? ಪೇಟ್ಯಾಗಿಂದ ಗೊತ್ತಾಗಲಿಲ್ಲ, ಇದರಾಗ ಇಲ್ಲಂತ ಹೆಂಗ ನಂಬೂದು? ಕೊಯ್ದು ನೋಡು," ಎಂದು ಮಗನಿಗೆ ಹೇಳಿದಳು. ವೈನಿಯ ಗಂಡ ಕೆಟ್ಟವನಲ್ಲ. ತಂಬಾಕಿನ ಚೀಲದ ಹೊಲಿಗೆ ಬಿಚ್ಚುವ ಚಾಕು ತಂದ. ಹೆಂಡತಿಯ ಕಡೆಗೆ ಒಮ್ಮೆ ನೋಡಿದ, ಆಮೇಲೆ ಎರಡೂ ಬದಿ ಸೀಳಿದ. ಪ್ಲಾಸ್ಟಿಕ್ ಹರಿಯುವ ಸದ್ದು ಎಂಥದೆಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಕೈ ಒಳಗೆ ಹಾಕಿ ತಡವಿದ, ಮಸಾಲೆ ಕೆರೆದು ಮೂಸಿದ.

"ಏನೂ ಇಲ್ಲವ್ವಾ. ಬರೇ ಕಟಗಿ."

"ಇಲ್ಲಂದ್ರ ಛಲೋನ ಆತು," ಎಂದು ಆಯಿ ಒಳಗೆ ಹೋದಳು.

ವೈನಿ ಅಳಲಿಲ್ಲ. ಕಸಬರಿಗೆ ತಂದು ಕೆರೆದ ಮಸಾಲೆಯ ಪುಡಿಯನ್ನು ಗುಡಿಸಿದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಒಂದು ಮಾತಾದರೂ ಆಡಬಾರದೇ... ಮರುದಿನ ಹಿತ್ತಲ ಗೋಡೆಯ ಮೇಲಿಂದ ಬಗ್ಗಿ, ನೀವು ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ಹೋಗ್ಲಿ ಬಿಡ ತಂಗಿ," ಎಂದಳು. ಹೋಗಲಿ ಬಿಡು. ಅಷ್ಟೇ.

ಸ್ಪರ್ಧೆಗೆ ಬಾಡಿಗೆಯ ತಬಲಾದವನನ್ನು ಗೊತ್ತುಮಾಡಿದರು. ಅವನ ತಬಲಾಕ್ಕೆ ಹೊದಿಸಿದ್ದು ಏನು ಎಂದು ಯಾರೂ ಕೇಳಲಿಲ್ಲ. ಅದು ಅವನ ತಬಲಾ, ನಮ್ಮದಲ್ಲವಲ್ಲ. ಬೋರಗಾಂವದ ಮಂಟಪದಲ್ಲಿ ನನ್ನನ್ನು ಆ ಪೇಟಿಯ ಮುಂದೆ ಕೂರಿಸಿದರು, ಆಯಿ ಮುಂದಿನ ಸಾಲಿನಲ್ಲಿ ಕೂತು ತಲೆದೂಗಿದಳು. ವೈನಿ ಬಂದಿರಲಿಲ್ಲ. ಮನೆ ನೋಡಿಕೊಳ್ಳಲು ಯಾರಾದರೂ ಇರಬೇಕಲ್ಲ ಎಂದರು. ನಮಗೆ ಬಹುಮಾನ ಬಂತು, ಸ್ಟೀಲಿನ ಡಬ್ಬಿಗಳು. ಅವ್ವ ಅವುಗಳಲ್ಲಿ ವರ್ಷಗಟ್ಟಲೆ ಬೇಳೆ ತುಂಬಿಟ್ಟಳು.

ಆಮೇಲೆ ನಾನು ಎಷ್ಟೋ ಸಲ ಗೋಡೆಯ ಈಚೆ ಕೂತು ಸಾಲನ್ನು ಅರ್ಧಕ್ಕೆ ಬಿಟ್ಟು ಕಾದಿದ್ದೇನೆ. ಆಚೆ ಪಾತ್ರೆ ತೊಳೆಯುವ ಸದ್ದು ಇರುತ್ತಿತ್ತು, ಬರೇ ಪಾತ್ರೆ ತೊಳೆಯುವ ಸದ್ದು. ದಾರಿಯಲ್ಲಿ ಸಿಕ್ಕರೆ ವೈನಿ ಊಟ ಆಯಿತೇ, ಪರೀಕ್ಷೆ ಯಾವಾಗ ಎಂದು ಕೇಳುತ್ತಿದ್ದಳು. ಆ ಜಪಾನಿ ಹುಡುಗರದು ಜಗಳ. ಜಗಳವಾದರೆ ರಾಜಿ ಆಗುತ್ತದೆ. ನಮ್ಮಿಬ್ಬರಲ್ಲಿ ಜಗಳವೇ ಆಗಿರಲಿಲ್ಲ, ರಾಜಿ ಯಾವುದರ ಮೇಲೆ ಆಗಬೇಕು?

ತೊಂಬತ್ತರ ದಶಕದಲ್ಲಿ ನನ್ನ ಮದುವೆಯಾಗಿ ಚಿಕ್ಕೋಡಿಗೆ ಬಂದೆ. ಆಯಿ ತೀರಿಕೊಂಡ ಸುದ್ದಿ ಬಂತು. ನಾನು ಸತ್ತವರ ಸುದ್ದಿಗೆ ಸಂತೋಷಪಟ್ಟದ್ದು ಅದೊಂದೇ ಸಲ, ಅದನ್ನು ಮುಚ್ಚಿಡುವುದಿಲ್ಲ. ತವರಿಗೆ ಹೋದವಳೇ ಪಕ್ಕದ ಮನೆಗೆ ಓಡಿದೆ. ವೈನಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಚಿಕ್ಕ ಮಗಳು ಮೂಲೆಯಲ್ಲಿ ಕೂತು ಪರಾತವನ್ನು ಬೋರಲು ಹಾಕಿ ಬಾರಿಸುತ್ತಿದ್ದಳು. ಎಳೆಯ ಕೈ, ಆದರೂ ತಾಳ ಎಲ್ಲೂ ತಪ್ಪುತ್ತಿರಲಿಲ್ಲ.

"ಇನ್ನ ಯಾರ ಅಂಜಿಕಿ ಐತ್ರಿ ವೈನಿ? ಒಂದ ಢೋಲಕಿ ತರೂಣು," ಎಂದೆ.

ವೈನಿ ಎದ್ದು ಮಗಳ ಕೈಯಿಂದ ಪರಾತ ಕಿತ್ತುಕೊಂಡಳು. "ಕೈ ಸುಮ್ಮನ ಇಟಗೊಂಡ ಕುಂಡ್ರು," ಎಂದು ಗದರಿದಳು. ಆಯಿಯ ಧ್ವನಿಯೇ, ಒಂದೆಳೆಯೂ ಬೇರೆಯಲ್ಲ. ನನ್ನ ಕಡೆ ತಿರುಗಿ, ಆ ವರ್ಷದ ಚಾತುರ್ಮಾಸದಲ್ಲಿ ತಾನೂ ಮಹಾರಾಜರ ಎದುರು ಅದೇ ವ್ರತ ಹಿಡಿದಿದ್ದೇನೆ ಎಂದು ಹೇಳಿದಳು. ಬಲವಂತ ಯಾರದೂ ಇರಲಿಲ್ಲವಂತೆ. ಮನಸ್ಸಿಗೆ ಸಮಾಧಾನ ಇದೆಯಂತೆ. ಹೆಗಲಿಗೆ ಹಾಕಿಕೊಂಡಿದ್ದ ನನ್ನ ವ್ಯಾನಿಟಿ ಬ್ಯಾಗಿನ ಮೇಲೆ ಅವಳ ಕಣ್ಣು ಹೋದದ್ದನ್ನು ಕಂಡು ನಾನೇ ಎದ್ದು ಹೊರಗೆ ಬಂದೆ. ಆಮೇಲೆ ಆ ಮನೆಗೆ ಹೋಗಲಿಲ್ಲ.

ಇಷ್ಟನ್ನೂ ಮಗಳಿಗೆ ಹೇಳಿದೆ. ಅವಳು, ಫೋನ್ ಮಾಡು ಎಂದು ಹಟ ಹಿಡಿದಳು. ಈ ಕಾಲದ ಹುಡುಗಿಯರಿಗೆ ಎಲ್ಲದಕ್ಕೂ ಒಂದು ಫೋನ್ ಸಾಕು. ನಂಬರು ನಿಪ್ಪಾಣಿಯಲ್ಲಿರುವ ನನ್ನ ತಮ್ಮನ ಹತ್ತಿರ ಸಿಕ್ಕಿತು. ವೈನಿಯ ಸೊಸೆ ಎತ್ತಿ ಅವಳಿಗೆ ಕೊಟ್ಟಳು. ಧ್ವನಿ ತುಸು ಒಡೆದಿತ್ತು, ಆದರೆ ತಕ್ಷಣ ಗುರುತು ಹಿಡಿದಳು. ನನಗೆ ಆಗ ದಡಾರ ಎದ್ದದ್ದು, ನನ್ನವ್ವ ಮಾಡುತ್ತಿದ್ದ ಸಜ್ಜಕದ ಹೋಳಿಗೆ, ನನ್ನ ಮದುವೆಯ ಸೀರೆಯ ಬಣ್ಣ, ಎಲ್ಲ ನೆನಪಿತ್ತು. ಆಗ ನಾನು ಅಂದೆ, "ವೈನೀ, ನಿಮ್ಮ ಢೋಲಕಿ ನೆನಪಾತ್ರಿ."

ಆ ಕಡೆ ಸೊಸೆ ಹತ್ತಿರವೇ ಇದ್ದಿರಬೇಕು, ಬಳೆ ಸದ್ದು ಕೇಳುತ್ತಿತ್ತು.

"ಯಾವ ಢೋಲಕಿ ತಂಗಿ? ನಾ ಎಂದ ಬಾರಿಸೀನಿ? ನಮ್ಮ ಮನ್ಯಾಗ ಅಂಥಾವೆಲ್ಲ ಎಂದೂ ಬಂದಿಲ್ಲ. ನೀ ಬ್ಯಾರೆ ಯಾರನ್ನೋ ನೆನಸಾಕತ್ತಿ."

ಸೀಳಿದವರ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡು ಬದುಕಿದ್ದೆ. ಅವಳ ಪರವಾಗಿ ಎಂದುಕೊಂಡಿದ್ದೆ. ಆ ಮಧ್ಯಾಹ್ನಗಳು ಇಬ್ಬರದಾಗಿದ್ದವು, ಈಗ ನನ್ನೊಬ್ಬಳದೇ... ಅವಳು ಸತ್ತಿದ್ದರೂ ನಾನು ಇಷ್ಟು ಕಳೆದುಕೊಳ್ಳುತ್ತಿರಲಿಲ್ಲ.

"ಇರಬಹುದ್ರಿ ವೈನಿ," ಎಂದೆ, "ಬ್ಯಾರೆ ಯಾರೋ ಇರಬಹುದು."

ನಿಮ್ಮ ಕಡೆ ಮಳೆ ಹೆಂಗೈತಿ ಎಂದು ಅವಳು ಕೇಳಿದಳು. ಛಲೋ ಆಗೈತ್ರಿ ಎಂದು ಹೇಳಿದೆ.